ಬಳೆ ಏರದ ಕೈ: ಒಂದು ಚೊಚ್ಚಲ ಬಸುರಿನ ಬಿಪಿ ಪ್ರಕರಣ

ಸೀಮಂತದ ದಿನ ಬಳೆಗಾರ ತೆಗೆದಿದ್ದು ಎರಡು–ನಾಲ್ಕರ ಅಳತೆ. ಮದುವೆಯಲ್ಲಿ ಅದೇ ಅಳತೆ ಅವಳ ಕೈಗೆ ಸಲೀಸಾಗಿ ಏರಿತ್ತು. ಈ ಸಲ ಗೆಣ್ಣಿನ ಹತ್ತಿರವೇ ನಿಂತುಬಿಟ್ಟಿತು. ಸೋಪು ಹಚ್ಚಿ ನೋಡಿದರು. ಎರಡು–ಆರು ತೆಗೆದರು, ಅದೂ ಆಗಲಿಲ್ಲ. ಕೊನೆಗೆ ಎರಡು–ಎಂಟರ ಬಳೆ ತೊಡಿಸಿದರು. "ಬಸುರಿ ಚೆನ್ನಾಗಿ ಮೈ ತುಂಬ್ಕೊಂಡಿದಾಳೆ ಬಿಡಿ" ಅಂತ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ಸ್ಟಾಫ್ ನರ್ಸ್. ಹಾಸನದಲ್ಲಿ 24 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಡ್ಯೂಟಿ ಜಾಸ್ತಿ ಬಿದ್ದಿದ್ದು ಮೂಳೆ ವಾರ್ಡಿನಲ್ಲಿ, ಹೆರಿಗೆ ವಾರ್ಡು ಬಿಟ್ಟು ಬಹಳ ವರ್ಷವಾಯಿತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ದಿನ ಅವಳ ಕೈ ನನ್ನ ಕೈಯಲ್ಲೇ ಇತ್ತು, ಬಳೆ ತಳ್ಳಿದವಳು ನಾನೇ. ಉಂಗುರ ಬೆರಳಲ್ಲಿ ಸಿಕ್ಕಿಕೊಂಡು ಸುತ್ತ ಮಾಂಸ ಉಬ್ಬಿದ್ದು ಕಣ್ಣಿಗೆ ಬಿದ್ದಿತ್ತು. ಆದರೂ ತಲೆಗೆ ಹೋಗಲಿಲ್ಲ.

ಅವಳು ನನ್ನ ಅಕ್ಕನ ಮಗಳು. ವಯಸ್ಸು 24, ಚೊಚ್ಚಲ ಬಸುರಿ. ಗಂಡನ ಮನೆ ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಕಾಫಿ, ಒಂದಿಷ್ಟು ಮೆಣಸು, ಗಂಡನಿಗೆ ಒಂದು ಪಿಕಪ್ ಗಾಡಿ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಹಾಕ್ಬೇಡ ಚಿಕ್ಕಮ್ಮ, ಬಳೆ ವಿಷಯ ಮಾತ್ರ ಮರೀದೆ ಬರಿ" ಅಂದಳು. ಅದಕ್ಕೇ ಅಲ್ಲಿಂದ ಶುರು ಮಾಡಿದೆ.

ಕಾರ್ಡಿನಲ್ಲಿ ಏನಿತ್ತು

ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಅವಳ ತಾಯಿ ಕಾರ್ಡನ್ನು ಮುಂದಿಟ್ಟುಕೊಂಡು ಕೂತೆ. ಬಿಪಿಯ ಸಾಲನ್ನು ಒಂದು ಹಾಳೆಗೆ ಇಳಿಸಿದೆ. 10ನೇ ವಾರ 106/64. 16ನೇ ವಾರ 108/66. 20ಕ್ಕೆ 104/62. 24ಕ್ಕೆ 118/74. 28ಕ್ಕೆ 128/82. 31ನೇ ವಾರ 138/88.

ಪ್ರತಿ ಸಲವೂ ಪಕ್ಕದಲ್ಲಿ "ನಾರ್ಮಲ್" ಅಂತ ಬರೆದಿದ್ದಾರೆ. ಒಂದೊಂದನ್ನೇ ನೋಡಿದರೆ ಅದು ತಪ್ಪೂ ಅಲ್ಲ. 20 ವಾರ ದಾಟಿದ ಮೇಲೆ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ಮುಟ್ಟಬೇಕು. ಕನಿಷ್ಠ ನಾಲ್ಕು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿದಾಗಲೂ ಹಾಗೇ ಇರಬೇಕು. ಆಗ ಮಾತ್ರ ಅದಕ್ಕೆ ಬಸುರಿನ ಬಿಪಿ ಅಂತ ಹೆಸರು. ಇವಳ ಅಂಕಿಗಳು ಆ ಗೆರೆಯ ಕೆಳಗೇ ಇದ್ದವು. 138, 88. ಎರಡೇ ಎರಡು ಕಡಿಮೆ.

ಅಕ್ಕಪಕ್ಕ ಇಟ್ಟು ಓದಿದರೆ ಕಥೆ ಬೇರೆ. ಬಸುರಿನ ನಡುವಿನ ತಿಂಗಳುಗಳಲ್ಲಿ ಬಿಪಿ ಸ್ವಲ್ಪ ಇಳಿಯುವುದು ಸಹಜ, ಕೊನೆಯ ಹೊತ್ತಿಗೆ ಮೊದಲಿದ್ದಲ್ಲಿಗೆ ಮರಳುತ್ತದೆ. ಇವಳದು 20ರಿಂದ 31ನೇ ವಾರದೊಳಗೆ ಮೇಲಿನದು 34 ಏರಿದೆ, ಕೆಳಗಿನದು 26. ನಾನು ಓದುವ ಕಾಲಕ್ಕೆ "30 ಮತ್ತು 15 ಏರಿದರೆ ಕಾಯಿಲೆ" ಅಂತಲೇ ಕಲಿಸುತ್ತಿದ್ದರು. ಹಾಗೆ ಏರಿದ ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ ಅಂತ ಗೊತ್ತಾಗಿ ಆಮೇಲೆ ಆ ನಿಯಮ ಕೈಬಿಟ್ಟರು. ಕೈಬಿಟ್ಟಿದ್ದು ಸರಿಯೇ. ಆದರೆ ಹೀಗೆ ಏರುತ್ತಿರುವವಳನ್ನು ಹತ್ತಿರದಿಂದ ನೋಡುತ್ತಿರಬೇಕು ಅನ್ನುವ ಮಾತನ್ನು ಯಾರೂ ಕೈಬಿಟ್ಟಿಲ್ಲ. ಮೂರು ವಾರಕ್ಕೊಮ್ಮೆ ಬಾ ಅನ್ನುವ ಬದಲು ಮೂರು ದಿನ ಬಿಟ್ಟು ಬಾ ಅನ್ನಬೇಕಿತ್ತು.

ತೂಕದ ಸಾಲು ಇನ್ನೂ ಜೋರಾಗಿ ಕೂಗುತ್ತಿತ್ತು. 28ನೇ ವಾರಕ್ಕೆ 63 ಕೆಜಿ ಇದ್ದವಳು 31ಕ್ಕೆ 67.5. ಮೂರು ವಾರಕ್ಕೆ ನಾಲ್ಕೂವರೆ ಕೆಜಿ. ಅಷ್ಟು ಬೇಗ ಮೈಗೆ ಹತ್ತುವ ಊಟ ಯಾವುದೂ ಇಲ್ಲ. ಅದು ನೀರು.

ಮೂತ್ರದಲ್ಲಿ ಪ್ರೋಟೀನ್ ಇದೆಯಾ ನೋಡುವ ಸಾಲು? 24ನೇ ವಾರದವರೆಗೆ "ನಿಲ್". 28ಕ್ಕೆ "ಟ್ರೇಸ್", ಅಂದರೆ ಚೂರೇ ಚೂರು. 31ಕ್ಕೆ ಖಾಲಿ. ಆ ದಿನ ಅವಳು ತೋರಿಸಿಕೊಂಡಿದ್ದ ಜಾಗದಲ್ಲಿ ಪರೀಕ್ಷೆಯ ಕಡ್ಡಿ ಮುಗಿದಿತ್ತಂತೆ. ಬಿಪಿ ಪಟ್ಟಿಯನ್ನೂ ಸ್ವೆಟರಿನ ತೋಳಿನ ಮೇಲೆಯೇ ಕಟ್ಟಿದ್ದರಂತೆ. ಮಲೆನಾಡಿನ ಚಳಿ, ಹೊರಗೆ ಉದ್ದ ಸಾಲು, ಯಾರೂ ಸ್ವೆಟರ್ ಬಿಚ್ಚು ಅನ್ನಲಿಲ್ಲ. ಬಟ್ಟೆ ಮೇಲೆ ಕಟ್ಟಿ ನೋಡಿದ ಅಂಕಿಯನ್ನು ನಂಬುವ ಹಾಗಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿ, ಕಾಲು ನೆಲಕ್ಕೆ ಊರಿಸಿ, ಬರೀ ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು. ದಪ್ಪ ತೋಳಿಗೆ ದೊಡ್ಡ ಪಟ್ಟಿಯೇ ಬೇಕು. ಇವೆಲ್ಲ ಚಿಕ್ಕ ವಿಷಯಗಳು, ನನ್ನಂಥವರೇ ದಿನಾ ತಪ್ಪಿಸುವ ವಿಷಯಗಳು.

ಕಾರ್ಡಿನಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಮನೆಯಲ್ಲಿ ಯಾರಿಗಾದರೂ ಬಿಪಿ ಇದೆಯಾ? "ಇಲ್ಲ" ಅಂತ ಬರೆಸಿದ್ದಾಳೆ. ಅದರ ಕಥೆ ಆಮೇಲೆ ಹೇಳುತ್ತೇನೆ.

ಗ್ಯಾಸ್ಟ್ರಿಕ್ ಅನ್ನುವ ಮಾಯದ ಪದ

ಡಿಸೆಂಬರ್. ಕಾಫಿ ಹಣ್ಣಿನ ಕೊಯ್ಲು ಜೋರಾಗಿತ್ತು. ಸೀಮಂತ ಆದ ಮೇಲೆ ತವರಿಗೆ ಬರಬೇಕಾದವಳು "ಕೊಯ್ಲು ಒಂದು ಮುಗೀಲಿ, ಅತ್ತೆ ಒಬ್ಬರೇ ಆಗ್ತಾರೆ" ಅಂತ ಅಲ್ಲೇ ಉಳಿದಿದ್ದಳು. ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ವಾರದ ಲೆಕ್ಕದಲ್ಲಿ 32.

ಒಂದು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದಳು. "ಚಿಕ್ಕಮ್ಮ, ಮಧ್ಯಾಹ್ನದಿಂದ ಎದೆಗುಂಡಿ ಕೆಳಗೆ ಒತ್ತಿದ ಹಾಗೆ ನೋವು. ಎರಡು ಸಲ ವಾಂತಿ ಆಯ್ತು. ಗ್ಯಾಸ್ಟ್ರಿಕ್ ಇರ್ಬೇಕು ಅಲ್ವಾ?"

"ಏನು ತಿಂದೆ?"

"ಮಧ್ಯಾಹ್ನ ಹಂದಿ ಸಾರು, ಕಡುಬು."

ನಾನು ಏನು ಹೇಳಿದೆ ಗೊತ್ತಾ? "ಖಾಲಿ ಹೊಟ್ಟೇಲಿ ಒಂದು ಪ್ಯಾನ್ ಮಾತ್ರೆ ತಗೋ, ಬೆಳಗ್ಗೆ ನೋಡೋಣ." ಫೋನಿಟ್ಟು ಮಲಗಿದೆ.

ಬಸುರಿಯ ಹೊಟ್ಟೆಯ ಮೇಲ್ಭಾಗದ ನೋವು, ಅದರಲ್ಲೂ ನಡುವೆ ಅಥವಾ ಬಲಗಡೆ ಪಕ್ಕೆಯ ಕೆಳಗೆ, 20 ವಾರದ ನಂತರ ಬಂದರೆ ಮೊದಲು ಬಿಪಿ ನೋಡಬೇಕು, ಆಮೇಲೆ ಗ್ಯಾಸ್ಟ್ರಿಕ್. ಆ ನೋವು ಹೊಟ್ಟೆಯದಲ್ಲ, ಲಿವರಿನದು. ಲಿವರ್ ಊದಿ ಅದರ ಹೊದಿಕೆ ಬಿಗಿಯುವಾಗ ಆಗುವ ನೋವು. ಇದನ್ನು ನಾನೇ ಒಂದು ಕಾಲದಲ್ಲಿ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಆದರೆ ನಮ್ಮ ಕಡೆ ಎದೆಯಿಂದ ಹೊಕ್ಕುಳವರೆಗೆ ಎಲ್ಲಿ ನೋವು ಬಂದರೂ ಅದಕ್ಕೆ ಗ್ಯಾಸ್ಟ್ರಿಕ್ ಅಂತಲೇ ಹೆಸರು. ಹಾರ್ಟ್ ಅಟ್ಯಾಕೂ ಗ್ಯಾಸ್ಟ್ರಿಕ್ಕೇ. ಸೋಡಾ ಕುಡಿಸಿ, ಶುಂಠಿ ಅರೆದು ಕೊಟ್ಟು ಮಲಗಿಸುತ್ತಾರೆ.

ಬೆಳಗ್ಗೆ ಆರು ಗಂಟೆಗೆ ಮತ್ತೆ ಫೋನು. ಈ ಸಲ ದನಿ ಬೇರೆ ಇತ್ತು. "ಚಿಕ್ಕಮ್ಮ, ತಲೆ ಸಿಡೀತಿದೆ. ಕಣ್ಮುಂದೆ ಮಿಣುಕುಹುಳ ಹಾರಿದ ಹಾಗೆ ಆಗ್ತಿದೆ."

ಆಗ ಬಳೆ ನೆನಪಾಯಿತು. ಬಳೆ, ಉಂಗುರ, ನೋವು, ವಾಂತಿ, ಮಿಣುಕುಹುಳ. ಎಲ್ಲ ಒಟ್ಟಿಗೆ ಸಾಲಾಗಿ ನಿಂತವು. ಅವಳ ಗಂಡನಿಗೆ ಫೋನ್ ಕೊಡಿಸಿ ಹೇಳಿದೆ: "108ಕ್ಕೆ ಮಾಡು. ಕಾಯ್ತಾ ಕೂರಬೇಡ, ನೀನೇ ಗಾಡೀಲಿ ಪಿಎಚ್‌ಸಿ ತನಕ ಕರ್ಕೊಂಡು ಹೋಗು. ಬಿಪಿ ನೋಡಿ ಅನ್ನು. ಬೇರೇನೂ ಹೇಳೋಕೆ ಹೋಗ್ಬೇಡ."

"ಅತ್ತೆ, ರಾತ್ರಿಯಿಂದ ಕೆಳಗಿನ ತೋಟದಲ್ಲಿ ಆನೆ ಇದೆ ಅಂತ ಗ್ರೂಪಲ್ಲಿ ಬಂದಿದೆ. ಒಂಟಿ ಸಲಗ."

ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರ್ಧ ಗಂಟೆ ಕಾದರು. ಬೆಳಕು ಹರಿದ ಮೇಲೆ, ಹಾರನ್ ಹೊಡೆಯದೆ, ಮೂರು ಕಿಲೋಮೀಟರ್ ಮಣ್ಣು ರಸ್ತೆ ದಾಟಿ ಟಾರ್ ರಸ್ತೆಗೆ ಬಂದರು. ಆ ಅರ್ಧ ಗಂಟೆ ನಾನು ಹಾಸನದಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಡೆದೆ.

ಹತ್ತು ಆಂಪೂಲು

ಪಿಎಚ್‌ಸಿಯಲ್ಲಿ ಡಾಕ್ಟರ್ ಇನ್ನೂ ಬಂದಿರಲಿಲ್ಲ. ಇದ್ದವರು ಒಬ್ಬರು ನರ್ಸಮ್ಮ, ನನಗಿಂತ ಹದಿನೈದು ವರ್ಷ ಚಿಕ್ಕವರು. ಬಿಪಿ 168/112. ಮೂತ್ರದಲ್ಲಿ ಪ್ರೋಟೀನ್ ಮೂರು ಪ್ಲಸ್. ಆಕೆ ಗಾಬರಿ ಬಿದ್ದು "ಬೇಗ ಹಾಸನಕ್ಕೆ ಹೋಗಿ" ಅಂತ ಬರೀ ಚೀಟಿ ಬರೆದು ಕಳಿಸಿಬಿಡಬಹುದಿತ್ತು. ಹಾಗೆ ಮಾಡುವವರು ಬಹಳ ಜನ ಇದ್ದಾರೆ. ಆಕೆ ಹಾಗೆ ಮಾಡಲಿಲ್ಲ. ಫೋನಿನಲ್ಲಿ ಡಾಕ್ಟರನ್ನು ಹಿಡಿದು, ಮಾತಾಡುತ್ತಲೇ ಮ್ಯಾಗ್ನೀಸಿಯಂ ಸಲ್ಫೇಟ್ ಹತ್ತು ಆಂಪೂಲು ಒಡೆದರು. ಒಂದು ಆಂಪೂಲಿನಲ್ಲಿ ಒಂದು ಗ್ರಾಂ. ಐದು ಗ್ರಾಂ ಒಂದು ಪಿರ್ರೆಗೆ, ಐದು ಗ್ರಾಂ ಇನ್ನೊಂದಕ್ಕೆ. ಬಿಪಿ ಇಳಿಸಲು ನಿಫೆಡಿಪಿನ್ 10 ಮಿಲಿಗ್ರಾಂ ನುಂಗಲು ಕೊಟ್ಟರು. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಹತ್ತಿಸಿದರು. ಚೀಟಿಯಲ್ಲಿ ಯಾವ ಔಷಧ, ಎಷ್ಟು, ಎಷ್ಟು ಹೊತ್ತಿಗೆ ಅಂತ ಸ್ಪಷ್ಟವಾಗಿ ಬರೆದಿದ್ದರು.

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ನಡೆದದ್ದು ಅಲ್ಲೇ ಅಂತ ನನ್ನ ಲೆಕ್ಕ. ಮ್ಯಾಗ್ನೀಸಿಯಂ ಬಿಪಿ ಇಳಿಸುವ ಔಷಧ ಅಲ್ಲ. ಫಿಟ್ಸ್ ಬರದ ಹಾಗೆ ತಡೆಯುವುದು ಅದರ ಕೆಲಸ. 2002ರಲ್ಲಿ ಮ್ಯಾಗ್ಪೈ ಅನ್ನುವ ದೊಡ್ಡ ಅಧ್ಯಯನದ ಫಲ ಹೊರಬಂತು. 33 ದೇಶ, ಹತ್ತು ಸಾವಿರಕ್ಕೂ ಹೆಚ್ಚು ಬಸುರಿಯರು. ಮ್ಯಾಗ್ನೀಸಿಯಂ ಕೊಟ್ಟವರಲ್ಲಿ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಮೊದಲ ಡೋಸನ್ನು ಕೊಟ್ಟೇ ಮುಂದಕ್ಕೆ ಕಳಿಸಲು ನಮ್ಮ ದೇಶದಲ್ಲಿ ಹಳ್ಳಿಯ ನರ್ಸ್‌ಗೂ ಅನುಮತಿ ಇದೆ. ಔಷಧ ಅಗ್ಗ, ಫ್ರಿಜ್ಜೂ ಬೇಡ. ಬೇಕಾದ್ದು ಧೈರ್ಯ. ಹತ್ತು ಆಂಪೂಲು ಒಬ್ಬಳಿಗೇ ಚುಚ್ಚುವಾಗ ಯಾರಿಗಾದರೂ ಕೈ ನಡುಗುತ್ತದೆ. "ಮೈಯೆಲ್ಲ ಬೆಂಕಿ ಹಚ್ಚಿದ ಹಾಗಾಯ್ತು" ಅಂತ ಅವಳು ಈಗಲೂ ಹೇಳುತ್ತಾಳೆ.

ಸಕಲೇಶಪುರದಿಂದ ಹಾಸನಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಫಿಟ್ಸ್ ಬರಲಿಲ್ಲ.

ಒಳಗೆ ನಡೆದಿದ್ದೇನು

ಹಾಸನದ ಆಸ್ಪತ್ರೆ ತಲುಪಿದಾಗ ಬಿಪಿ 172/114. ರಕ್ತಪರೀಕ್ಷೆ ಬಂತು. ಪ್ಲೇಟ್‌ಲೆಟ್ 86,000, ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಇರಬೇಕಾದದ್ದು. ಲಿವರಿನ ಎಸ್‌ಜಿಒಟಿ 210, ನಲವತ್ತರ ಆಸುಪಾಸು ಇರಬೇಕಾದದ್ದು. ರಕ್ತಕಣ ಒಡೆಯುತ್ತಿರುವ ಗುರುತೂ ಇತ್ತು. ಕಾಯಿಲೆಯ ಹೆಸರು ಪ್ರಿ-ಎಕ್ಲಾಂಪ್ಸಿಯಾ, ಅದರ ಕೆಟ್ಟ ರೂಪ. ರಕ್ತಕಣ ಒಡೆಯುವುದು, ಲಿವರ್ ಕೆಡುವುದು, ಪ್ಲೇಟ್‌ಲೆಟ್ ಇಳಿಯುವುದು, ಈ ಮೂರೂ ಸೇರಿದರೆ ಅದಕ್ಕೆ ಹೆಲ್ಪ್ ಸಿಂಡ್ರೋಮ್ ಅನ್ನುತ್ತಾರೆ. ಕೇಳಲು ಸಹಾಯ ಅಂದ ಹಾಗಿದೆ.

ಭಾವ, ಅಂದರೆ ಹುಡುಗಿಯ ಅಪ್ಪ, ಕಾರಿಡಾರಿನಲ್ಲಿ ನನ್ನನ್ನು ಹಿಡಿದು ಕೇಳಿದರು. "ಅಲ್ಲಮ್ಮ, ಬಿಪಿ ಅಂದ್ರೆ ಟೆನ್ಶನ್ ಮಾಡ್ಕೊಂಡ್ರೆ ಬರೋದು. ಇವಳಿಗೆ ಏನು ಟೆನ್ಶನ್? ಮನೇಲಿ ಯಾರಾದ್ರೂ ಏನಾದ್ರೂ ಅಂದ್ರಾ?" ಬೀಗರ ಮನೆಯವರು ಎರಡು ಮಾರು ದೂರದಲ್ಲೇ ನಿಂತಿದ್ದರು. ಜಗಳ ಹತ್ತಿಕೊಳ್ಳಲು ಅಷ್ಟು ಸಾಕಿತ್ತು. ಅವರಿಗೆ ತೋಟದ ಭಾಷೆಯಲ್ಲೇ ಹೇಳಬೇಕಾಯಿತು.

ಇದು ಮನಸ್ಸಿನ ಬೇಜಾರಿಂದ ಬಂದ ಬಿಪಿ ಅಲ್ಲ, ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ, ಬಂದದ್ದು. ಬಸುರು ನಿಂತ ಮೊದಲ ತಿಂಗಳುಗಳಲ್ಲಿ ಮಾಸು ಗರ್ಭಕೋಶಕ್ಕೆ ಬೇರು ಬಿಡುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಆಗ ಅಗಲವಾಗಿ ತೆರೆದುಕೊಳ್ಳಬೇಕು. ಕೆಲವರಲ್ಲಿ ಅವು ಸರಿಯಾಗಿ ತೆರೆಯುವುದೇ ಇಲ್ಲ. ಎರಡಿಂಚಿನ ಪೈಪು ಬೇಕಾದಲ್ಲಿ ಅರ್ಧ ಇಂಚಿನದು ಕೂರಿಸಿದ ಹಾಗೆ. ಮಗು ಸಣ್ಣದಿರುವಾಗ ಅದೇ ಸಾಕು. ಆರು ತಿಂಗಳ ಮೇಲೆ ಮಗುವಿಗೆ ಜಾಸ್ತಿ ಬೇಕಾದಾಗ ಸಾಲುವುದಿಲ್ಲ. ಹಸಿದ ಮಾಸು ತಾಯಿಯ ರಕ್ತಕ್ಕೆ ಕೆಲವು ವಸ್ತುಗಳನ್ನು ಬಿಡುತ್ತದೆ. ಅವು ಮೈಯಲ್ಲಿರುವ ಎಲ್ಲ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತವೆ. ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಕಿಡ್ನಿ ಸೋರಿ ಪ್ರೋಟೀನ್ ಮೂತ್ರಕ್ಕೆ ಹೋಗುತ್ತದೆ. ನೀರು ನಾಳದಿಂದ ಹೊರಗೆ ಜಿನುಗಿ ಕೈ, ಮುಖ ಊದುತ್ತದೆ. ಲಿವರ್, ಮಿದುಳು, ಕಣ್ಣು ಒಂದೊಂದಾಗಿ ಪೆಟ್ಟು ತಿನ್ನುತ್ತವೆ. ಬಿಪಿ ಅನ್ನುವುದು ಇದರಲ್ಲಿ ನಮಗೆ ಅಳೆಯಲು ಸಿಗುವ ಒಂದು ತುದಿ, ಅಷ್ಟೇ.

ಭಾವ ಕೇಳಿಸಿಕೊಂಡು, "ಹಾಗಾದ್ರೆ ಯಾರ ತಪ್ಪೂ ಅಲ್ಲ" ಅಂದರು. ಬೀಗರ ಕಡೆ ನೋಡಿ ಕಾಫಿ ತರಲು ಹೋದರು.

ಕಾಲು ಊದಿದ್ದೆಲ್ಲ ಕಾಯಿಲೆ ಅಲ್ಲ, ಅದನ್ನೂ ಹೇಳಬೇಕು. ಬಹಳ ಬಸುರಿಯರಿಗೆ ಸಂಜೆ ಹೊತ್ತಿಗೆ ಪಾದ ಊದುತ್ತದೆ, ಮಲಗಿ ಎದ್ದರೆ ಇಳಿಯುತ್ತದೆ. ಬೆಳಗ್ಗೆ ಎದ್ದಾಗಲೇ ಮುಖ ಊದಿದ್ದರೆ, ಉಂಗುರ ಬಿಗಿದರೆ, ತೂಕ ಒಮ್ಮೆಲೇ ಏರಿದರೆ ಬಿಪಿ ಮತ್ತು ಮೂತ್ರ ಎರಡನ್ನೂ ಅವತ್ತೇ ನೋಡಿಸಬೇಕು. ಊತವೇ ಇಲ್ಲದೆಯೂ ಈ ಕಾಯಿಲೆ ಬರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಕಾಣಿಸದೆಯೂ ಬರಬಹುದು. ಅತ್ತೆಯವರು ಊತ ನೋಡಿ ಎರಡು ವಾರದಿಂದ ಉಪ್ಪಿಲ್ಲದ ಸಪ್ಪೆ ಊಟ ಹಾಕಿದ್ದರು, ಪಾಪ. ಉಪ್ಪು ಬಿಟ್ಟರೆ ಇದು ನಿಲ್ಲುವುದಿಲ್ಲ, ಮಾಸಿಗೆ ಅಡುಗೆಮನೆಯ ಲೆಕ್ಕ ಗೊತ್ತಿಲ್ಲ. ಅದರ ಬದಲು ಸರ್ಕಾರ ಕೊಡುವ ಕ್ಯಾಲ್ಸಿಯಂ ಮಾತ್ರೆ ತಿನ್ನಿಸಿದ್ದರೆ ಸ್ವಲ್ಪವಾದರೂ ಉಪಯೋಗ ಇತ್ತು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಆ ಮಾತ್ರೆ ಈ ಕಾಯಿಲೆಯ ಅಪಾಯ ಇಳಿಸುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೆ ಎರಡು. ಅವಳ ಮಾತ್ರೆಗಳು ಬೀರುವಿನಲ್ಲಿ ಹಾಗೇ ಇದ್ದವು. "ಸುಣ್ಣ ತಿಂದ ಹಾಗಾಗುತ್ತೆ" ಅಂತ ಬಿಟ್ಟಿದ್ದಳಂತೆ.

ಎಂಟನೇ ತಿಂಗಳ ಮಗು

ಈ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ಎಲ್ಲ ಹೊತ್ತು ಸಂಪಾದಿಸಲು ಮಾತ್ರ. ವಾಸಿಯಾಗಲು ಮಾಸು ಹೊರಗೆ ಬರಲೇಬೇಕು, ಅಂದರೆ ಹೆರಿಗೆ ಆಗಬೇಕು. 37 ವಾರ ತುಂಬಿದ್ದರೆ ಯೋಚನೆಯೇ ಇಲ್ಲ. 32ಕ್ಕೆ ಕಷ್ಟ. ತಾಯಿಗೆ ಒಳಗಿರುವುದು ಅಪಾಯ, ಮಗುವಿಗೆ ಹೊರಗೆ ಬರುವುದು ಅಪಾಯ.

ಇವಳ ಮಗುವಿಗೆ ಒಳಗೂ ಸುಖವಿರಲಿಲ್ಲ. ಸ್ಕ್ಯಾನಿನಲ್ಲಿ ತೂಕ ಸುಮಾರು 1.3 ಕೆಜಿ, ಆ ವಾರಕ್ಕೆ ಕಡಿಮೆ. ಸುತ್ತಲಿನ ನೀರೂ ಕಡಿಮೆ. ಹೊಕ್ಕುಳಬಳ್ಳಿಯಲ್ಲಿ ರಕ್ತ ಕಷ್ಟಪಟ್ಟು ಹರಿಯುತ್ತಿತ್ತು. ಇಂಥ ಬಸುರಿನಲ್ಲಿ ಮಗು ಬೆಳೆಯದೆ ಉಳಿಯಬಹುದು. ಮಾಸು ಹೊತ್ತಿಗೆ ಮುಂಚೆ ಕಿತ್ತು ಬಂದು ಒಳಗೇ ರಕ್ತ ಹೋಗಬಹುದು. ಏನೂ ಸೂಚನೆ ಇಲ್ಲದೆ ಹೊಟ್ಟೆಯಲ್ಲೇ ಮಗು ತೀರಿಹೋಗಬಹುದು.

ಡಾಕ್ಟರಮ್ಮ ಮನೆಯವರನ್ನೆಲ್ಲ ಕೂರಿಸಿ ಹೇಳಿದರು. ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಸೋನ್ ಕೊಡುತ್ತೇವೆ, 12 ಗಂಟೆಗೊಂದರಂತೆ ನಾಲ್ಕು. ಅದು ಮುಗಿಯುವ ತನಕ ತಡೆದರೆ ಒಳ್ಳೆಯದು, ಆದರೆ ತಾಯಿಯ ಸ್ಥಿತಿ ಕೆಟ್ಟರೆ ಕಾಯುವುದಿಲ್ಲ. ಅಲ್ಲೇ ಕೂತಿದ್ದ ಒಬ್ಬರು ಅಜ್ಜಿ ತಟ್ಟನೆ ಅಂದರು: "ಏಳರಲ್ಲಿ ಹುಟ್ಟಿದ್ದು ಉಳಿಯುತ್ತೆ, ಎಂಟರಲ್ಲಿ ಹುಟ್ಟಿದ್ದು ಉಳಿಯಲ್ಲ. ಒಂಬತ್ತು ಬೀಳೋ ತನಕ ತಡೀರಿ." ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ. ಒಳಗೆ ಚೆನ್ನಾಗಿರುವ ಮಗುವಿಗೆ ಪ್ರತಿ ವಾರವೂ ಬಲವೇ, ಏಳಕ್ಕಿಂತ ಎಂಟು ಯಾವತ್ತೂ ಮೇಲು. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. "ಅಜ್ಜಿ, ಎಂಟರ ಮಕ್ಕಳು ನಮ್ಮಲ್ಲಿ ದಿನಾ ಮನೆಗೆ ಹೋಗ್ತವೆ. ಬನ್ನಿ, ತೋರಿಸ್ತೀನಿ" ಅಂತ ಮಕ್ಕಳ ಐಸಿಯುವಿನ ಗಾಜಿನ ಹತ್ತಿರ ಕರೆದುಕೊಂಡು ಹೋದರು.

ಬಿಪಿಗೆ ಲ್ಯಾಬೆಟಲಾಲ್ ಇಂಜೆಕ್ಷನ್ ಶುರುವಾಯಿತು. ಒಮ್ಮೆಗೇ ಇಳಿಸುವ ಹಾಗಿಲ್ಲ, ಇಳಿಸಿದರೆ ಮಾಸಿಗೆ ಹೋಗುವ ಅಷ್ಟಿಷ್ಟು ರಕ್ತವೂ ನಿಲ್ಲುತ್ತದೆ. ಮ್ಯಾಗ್ನೀಸಿಯಂ ನಾಲ್ಕು ಗಂಟೆಗೊಮ್ಮೆ. ಪ್ರತಿ ಡೋಸಿಗೆ ಮುಂಚೆ ಮಂಡಿಗೆ ತಟ್ಟಿ ಕಾಲು ಒದೆಯುತ್ತದಾ ನೋಡಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇಲ್ಲವಾ ಎಣಿಸಬೇಕು, ಮೂತ್ರ ಗಂಟೆಗೆ 30 ಮಿಲಿಯಾದರೂ ಬರುತ್ತಿದೆಯಾ ಅಳೆಯಬೇಕು. ಔಷಧ ಮೈಯಲ್ಲಿ ಹೆಚ್ಚಾದರೆ ಮೊದಲು ಮಂಡಿಯ ಒದೆತ ನಿಲ್ಲುತ್ತದೆ, ಆಮೇಲೆ ಉಸಿರು. ಆ ರಾತ್ರಿ ನಾನು ಅವಳ ಪಕ್ಕ ಇದ್ದೆ, ಚಿಕ್ಕಮ್ಮನಾಗಿ. ಡ್ಯೂಟಿ ಸಿಸ್ಟರ್ ಪ್ರತಿ ಸಲ ಸುತ್ತಿಗೆ ತಂದು ಮಂಡಿ ತಟ್ಟುವುದನ್ನು ನೋಡುತ್ತಾ ಕೂತಿದ್ದೆ. ಕಾಲು ಒದೆದಾಗಲೆಲ್ಲ ನನಗೂ ಉಸಿರು ಬರುತ್ತಿತ್ತು.

ಮರುದಿನ ಮಧ್ಯಾಹ್ನ ಪ್ಲೇಟ್‌ಲೆಟ್ 62,000ಕ್ಕೆ ಇಳಿಯಿತು. ಮೂರು ಡೋಸ್ ಡೆಕ್ಸಾ ಆಗಿತ್ತು. ಇನ್ನು ಕಾಯುವುದು ಬೇಡ ಅಂದರು. ಪ್ಲೇಟ್‌ಲೆಟ್ ಅಷ್ಟು ಕಡಿಮೆ ಇದ್ದಾಗ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ಸೋರಿ ಗಡ್ಡೆಯಾಗುವ ಭಯ. ಹಾಗಾಗಿ ಪೂರ್ತಿ ಪ್ರಜ್ಞೆ ತಪ್ಪಿಸಿ ಸಿಸೇರಿಯನ್ ಮಾಡಿದರು. ಹೆಣ್ಣು ಮಗು, 1,280 ಗ್ರಾಂ. ಅಳು ಬೆಕ್ಕಿನ ಮರಿಯದರ ಹಾಗೆ ಇತ್ತಂತೆ, ಆದರೆ ಅತ್ತಿತು.

ಕಾರಿಡಾರಿನಲ್ಲಿ ಅಕ್ಕ ಹೇಳಿದ್ದು

ಅವಳನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದ ಮೇಲೆ ಅಕ್ಕ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನಂಗೂ ಅವತ್ತು ಕಣ್ಮುಂದೆ ಹಿಂಗೇ ಮಿಂಚಿತ್ತು ಕಣೆ" ಅಂದಳು.

"ಯಾವತ್ತು?"

"ಮೊದಲನೇದ್ರಲ್ಲಿ. ಸನ್ನಿ ಆಯ್ತಲ್ಲ."

ಮೂವತ್ತು ವರ್ಷದ ಹಿಂದಿನ ಮಾತು. ನಾನಾಗ ಪಿಯುಸಿ. ಅಕ್ಕನ ಮೊದಲ ಬಸುರು, ಎಂಟನೇ ತಿಂಗಳು. ಮುಖ ಊದಿ, ತಲೆನೋವು ಬಂದು, ಒಂದು ಬೆಳಗ್ಗೆ ಕೈಕಾಲು ಸೆಟೆದು ನಾಲಿಗೆ ಕಚ್ಚಿಕೊಂಡಿದ್ದಳು. ಮನೆಯಲ್ಲಿ ಸನ್ನಿ ಅಂದರು. ತಾಯಿತ ಕಟ್ಟಿಸಿದರು, ಆಮೇಲೆ ಯಾರದೋ ಜೀಪಿನಲ್ಲಿ ಹಾಸನಕ್ಕೆ ತಂದರು. ಎರಡು ದಿನ ಪ್ರಜ್ಞೆ ಇರಲಿಲ್ಲ. ಮಗು ಉಳಿಯಲಿಲ್ಲ. ಎರಡನೇ ಬಸುರು ಏನೂ ತೊಂದರೆ ಇಲ್ಲದೆ ಕಳೆಯಿತು, ಇವಳು ಹುಟ್ಟಿದಳು. ಹಳೆಯದನ್ನು ಯಾರೂ ಮತ್ತೆ ಎತ್ತಲಿಲ್ಲ.

ಅದು ಎಕ್ಲಾಂಪ್ಸಿಯಾ. ಬಸುರಿನ ಬಿಪಿ ಮಿದುಳಿಗೆ ಹೊಡೆದು ಬರುವ ಫಿಟ್ಸ್. ತಾಯಿಗೆ ಅಥವಾ ಅಕ್ಕತಂಗಿಗೆ ಆಗಿದ್ದರೆ ಮಗಳಿಗೆ ಆಗುವ ಸಂಭವ ಜಾಸ್ತಿ. ಇವಳದು ಚೊಚ್ಚಲ ಬೇರೆ. ಈ ವಿಷಯ ಗೊತ್ತಿದ್ದರೆ ಮೊದಲ ತಿಂಗಳುಗಳಲ್ಲೇ ಡಾಕ್ಟರಿಗೆ ಹೇಳಬಹುದಿತ್ತು. ಅಪಾಯ ಇರುವವರಿಗೆ 12ನೇ ವಾರದ ನಂತರ ದಿನಕ್ಕೊಂದು ಸಣ್ಣ ಆಸ್ಪಿರಿನ್ ಮಾತ್ರೆ ಕೊಡುತ್ತಾರೆ, 16 ವಾರದೊಳಗೆ ಶುರುವಾದರೆ ಲಾಭ ಜಾಸ್ತಿ. ಎಲ್ಲರಿಗೂ ತಡೆಯುವುದಿಲ್ಲ, ಆದರೆ ಬೇಗ ಬರುವ ಕೆಟ್ಟ ರೂಪವನ್ನು ಎಷ್ಟೋ ಜನರಲ್ಲಿ ತಡೆಯುತ್ತದೆ. ಡಾಕ್ಟರು ಬರೆದುಕೊಟ್ಟರೆ ಮಾತ್ರ ತಗೊಳ್ಳುವ ಮಾತ್ರೆ ಅದು, ಅಂಗಡಿಯಲ್ಲಿ ಕೇಳಿ ತಗೊಳ್ಳುವುದಲ್ಲ.

"ಮನೇಲಿ ಯಾರಿಗಾದ್ರೂ ಬಿಪಿ ಇದ್ಯಾ" ಅಂತ ಕೇಳಿದಾಗ ಅವಳು ಇಲ್ಲ ಅಂದಿದ್ದು ಸುಳ್ಳಲ್ಲ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿದ್ದವಳು ನಾನು. ಆದರೆ ನನ್ನ ತಲೆಯಲ್ಲೂ ಅಕ್ಕನ ಸನ್ನಿ ಮನೆಯ ಹಳೇ ಕಥೆಗಳ ಜೊತೆ ಸೇರಿಹೋಗಿತ್ತು, ನರ್ಸಿಂಗ್ ಪುಸ್ತಕದ ಎಕ್ಲಾಂಪ್ಸಿಯಾ ಬೇರೆ ಕಡೆ ಇತ್ತು. ಎರಡೂ ಒಂದೇ ಅಂತ ಆ ಬೆಂಚಿನ ಮೇಲೆ ಕೂರುವ ತನಕ ಹೊಳೆದಿರಲಿಲ್ಲ. ಪ್ರಶ್ನೆಯನ್ನೇ ಬದಲಿಸಬೇಕು ಅಂತ ನನಗೆ ಅನಿಸುತ್ತದೆ. "ನಿಮ್ಮ ಅಮ್ಮನಿಗೆ, ಅಕ್ಕನಿಗೆ ಬಸುರಿನಲ್ಲೋ ಬಾಣಂತನದಲ್ಲೋ ಸನ್ನಿ ಆಗಿತ್ತಾ, ಮುಖ ಊದಿತ್ತಾ, ಎಂಟರಲ್ಲೇ ಹೆರಿಗೆ ಆಯ್ತಾ?" ಹೀಗೆ ಕೇಳಿದರೆ ಉತ್ತರ ಬರುತ್ತದೆ. ಬಾಣಂತಿಗೆ ಜ್ವರ ಏರಿದರೂ, ಮನಸ್ಸು ಕೆಟ್ಟರೂ ನಮ್ಮ ಕಡೆ ಸನ್ನಿ ಅನ್ನುತ್ತಾರೆ, ಹಾಗಾಗಿ ಇನ್ನೆರಡು ಪ್ರಶ್ನೆ ಜಾಸ್ತಿ ಕೇಳಬೇಕು.

ಹೆರಿಗೆ ಆದ ಮೇಲೆ

ಹೆರಿಗೆ ಆಯಿತು, ಇನ್ನು ಬಿಪಿ ಹೋಯಿತು ಅಂತ ಎಲ್ಲರೂ ಅಂದುಕೊಂಡರು. ಮೊದಲ ಎರಡು ದಿನ ಹಾಗೇ ಕಂಡಿತು, 140/92. ಮ್ಯಾಗ್ನೀಸಿಯಂ 24 ಗಂಟೆ ಮುಂದುವರಿಸಿ ನಿಲ್ಲಿಸಿದರು. ಐದನೇ ದಿನ ನಾನು ಡ್ಯೂಟಿ ಮುಗಿಸಿ ಹೋದಾಗ ಅವಳ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ತಲೆನೋವಂತೆ. "ಬಾಣಂತಿ ಕಿವಿಗೆ ಗಾಳಿ ಹೊಕ್ಕಿದೆ" ಅಂದರು. ಸಿಸ್ಟರನ್ನು ಕರೆದು ಬಿಪಿ ನೋಡಿಸಿದೆ. 164/108.

ಮಾತ್ರೆ ಎಲ್ಲಿ ಅಂದರೆ ದಿಂಬಿನ ಕೆಳಗೆ. ನಾಲ್ಕು ನಿಫೆಡಿಪಿನ್ ಮಾತ್ರೆ, ಕಾಗದದಲ್ಲಿ ಸುತ್ತಿ ಇಟ್ಟಿದ್ದಳು. ಎದೆಹಾಲು ಕೆಡುತ್ತದೆ ಅಂತ ಯಾರೋ ಹೇಳಿದ್ದರಂತೆ. ಮಗುವಿಗೆ ಆಗ ಮೂಗಿನ ನಳಿಕೆಯಲ್ಲಿ ಎರಡು ಗಂಟೆಗೊಮ್ಮೆ ಎರಡೆರಡು ಮಿಲಿ ಹಾಲು ಹೋಗುತ್ತಿತ್ತು. ಆ ಎರಡು ಮಿಲಿ ಹಿಂಡಲು ಅವಳು ಅರ್ಧ ಗಂಟೆ ಕಷ್ಟಪಡುತ್ತಿದ್ದಳು. ಅದು ಕೆಡುತ್ತದೆ ಅಂದರೆ ಯಾವ ತಾಯಿ ಮಾತ್ರೆ ನುಂಗುತ್ತಾಳೆ? ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಾಲೂಡಿಸುವಾಗ ನಿಫೆಡಿಪಿನ್ ಕೊಡಬಹುದು, ಹಾಲು ಕೆಡುವುದಿಲ್ಲ. ಇಷ್ಟು ಒಂದು ಮಾತನ್ನು ಮಾತ್ರೆ ಕೊಡುವಾಗಲೇ ಯಾರಾದರೂ ಹೇಳಿದ್ದರೆ ಸಾಕಿತ್ತು.

ಹೆರಿಗೆಯ ನಂತರ ಮೂರರಿಂದ ಆರನೇ ದಿನದೊಳಗೆ ಬಿಪಿ ಮತ್ತೆ ಏರುವುದು ಸಾಮಾನ್ಯ. ಫಿಟ್ಸ್ ಕೂಡ ಆಗಲೇ ಬರಬಹುದು, ಅಪರೂಪಕ್ಕೆ ಕೆಲವು ವಾರ ಬಿಟ್ಟೂ ಬರಬಹುದು. ಸಾಮಾನ್ಯ ಹೆರಿಗೆಯಾದವರು ಅಷ್ಟು ಹೊತ್ತಿಗೆ ಮನೆಗೆ ಹೋಗಿ, ಕತ್ತಲೆ ಕೋಣೆಯಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿರುತ್ತಾರೆ. ತಲೆನೋವು ಅಂದರೆ ಬಟ್ಟೆ ಇನ್ನೂ ಬಿಗಿಯುತ್ತದೆ. ಬಟ್ಟೆ ಕಟ್ಟಲಿ, ನನ್ನ ತಕರಾರಿಲ್ಲ. ಜೊತೆಗೆ ಬಿಪಿ ಪಟ್ಟಿಯನ್ನೂ ಕಟ್ಟಲಿ.

ಮಗು 30 ದಿನ ಮಕ್ಕಳ ಐಸಿಯುವಿನಲ್ಲಿ ಇತ್ತು. ಮೊದಲ ಮೂರು ದಿನ ಉಸಿರಾಟಕ್ಕೆ ಸಿಪ್ಯಾಪ್, ಅಂದರೆ ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ. ಆಮೇಲೆ ಎದೆಗೆ ಎದೆ ತಾಗಿಸಿ ಮಲಗಿಸುವ ಕಾಂಗರೂ ಆರೈಕೆ. ಅಮ್ಮನಿಗೆ ಸುಸ್ತಾದಾಗ ಅಪ್ಪ, ಅಂಗಿ ಬಿಚ್ಚಿ, ಕೊಯ್ಲು ಅರ್ಧಕ್ಕೆ ಬಿಟ್ಟು ಬಂದವನು. 1,150 ಗ್ರಾಂಗೆ ಇಳಿದು ಮತ್ತೆ ಏರಿ 1,640ಕ್ಕೆ ಮನೆಗೆ ಬಂತು. ಹೊರಡುವ ಮುಂಚೆ ಕಣ್ಣಿನ ಪರೀಕ್ಷೆ ಮಾಡಿಸಿದರು. ಇಷ್ಟು ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಪರದೆಯಲ್ಲಿ ರಕ್ತನಾಳ ಸರಿಯಾಗಿ ಬೆಳೆಯದೆ ಕುರುಡಾಗುವ ಸಾಧ್ಯತೆ ಇರುತ್ತದೆ, 30 ದಿನದೊಳಗೆ ನೋಡಿಸಲೇಬೇಕು. ಇದನ್ನು ಮರೆಯುವವರು ಬಹಳ.

ಹತ್ತನೇ ವಾರಕ್ಕೆ ಅವಳ ಮಾತ್ರೆ ನಿಂತಿತು. ಬಿಪಿ ಈಗ 122/80. ಆದರೆ ವರ್ಷಕ್ಕೊಮ್ಮೆಯಾದರೂ ನೋಡಿಸುತ್ತಲೇ ಇರಬೇಕು. ಈ ಕಾಯಿಲೆ ಬಂದವರಿಗೆ ಮುಂದೆ ಹೃದಯದ ಕಾಯಿಲೆ, ಸ್ಟ್ರೋಕ್ ಬರುವ ಅಪಾಯ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ಬಿಪಿ ಶಾಶ್ವತವಾಗಿ ಬರುವ ಸಂಭವ ಅದಕ್ಕಿಂತಲೂ ಜಾಸ್ತಿ.

ಇದನ್ನು ಮೊನ್ನೆ ಅವಳಿಗೆ ಮನೆಯಲ್ಲಿ ಕೂತು ಹೇಳುತ್ತಿದ್ದೆ. ಅಕ್ಕ ಅಲ್ಲೇ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಹೇಳುತ್ತಾ ಹೇಳುತ್ತಾ ನನ್ನ ಮಾತು ನಿಂತಿತು. ಎದ್ದು ಬ್ಯಾಗಿನಿಂದ ಬಿಪಿ ಮಿಷನ್ ತಂದೆ.

"ನಂಗ್ಯಾಕೆ? ನಂಗೇನಾಗಿದೆ?" ಅಂದಳು ಅಕ್ಕ. ಕೈ ಒರೆಸಿಕೊಂಡು ಕೂತಳು. ಮೊದಲ ಸಲ 176/100. ಐದು ನಿಮಿಷ ಬಿಟ್ಟು ನೋಡಿದರೆ 172/98. ಆ ಹೆರಿಗೆ ಆದ ಮೇಲೆ ಅವಳಿಗೆ ಯಾರಾದರೂ ಬಿಪಿ ನೋಡಿದ್ದು ಅವಳಿಗೇ ನೆನಪಿಲ್ಲ.

ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚೀಟಿ ಬರೆಯುವ ಹುಡುಗಿ ಕೇಳಿದಳು: "ಅಮ್ಮ, ಹಿಂದೆ ಏನಾದ್ರೂ ಕಾಯಿಲೆ ಇತ್ತಾ?"

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಆ ಹುಡುಗಿಯ ಕಡೆ ತಿರುಗಿ ಹೇಳಿದಳು: "ಚೊಚ್ಚಲದ್ರಲ್ಲಿ ಸನ್ನಿ ಆಗಿತ್ತು, ಬರ್ಕೊ. ನಿಮ್ಮ ಭಾಷೇಲಿ ಅದಕ್ಕೇನಂತಾರೆ ಅಂತ ನನ್ನ ತಂಗಿ ಹೇಳ್ತಾಳೆ."